ಫೋನಿಗೆ ಬೀಗ ಹಾಕಿ ರೊಟ್ಟಿ ಒತ್ತುವ ಐಸಮ್ಮ

ಪಾಣೆಮಂಗಳೂರಿನ ಸೇತುವೆಯ ಮೇಲೆ ಮೀನಿನ ಮೊದಲ ಟೆಂಪೊ ದಾಟುವ ಹೊತ್ತು. ನೇತ್ರಾವತಿಯ ಕಡೆಗೆ ಇಳಿಯುವ ಓಣಿಯ ಕೊನೆಯ ಮನೆಯಲ್ಲಿ ದೀಪ ಉರಿಯುತ್ತಿದೆ. ಬೆಳಗಿನ ನಮಾಜು ಮುಗಿಸಿದ ಐಸಮ್ಮ ತಲೆಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡು ಅಡುಗೆಮನೆಗೆ ಬರುತ್ತಾರೆ. ಅಕ್ಕಿ ಮತ್ತು ತೆಂಗಿನಕಾಯಿ ರುಬ್ಬಿದ ಹಿಟ್ಟು ದೊಡ್ಡ ಬಾಣಲೆಯಲ್ಲಿ ಸಿದ್ಧವಾಗಿದೆ. ಬೆಂಕಿಪೊಟ್ಟಣ ಕೈಯಲ್ಲಿದೆ. ಆದರೂ ಒಲೆ ಹೊತ್ತುವುದಿಲ್ಲ. ಮೊದಲು ಅವರು ಕಿಟಕಿಯ ದಂಡೆಯಲ್ಲಿಟ್ಟ ಫೋನನ್ನು ಎತ್ತಿ, ಕಣ್ಣು ಕಿರಿದು ಮಾಡಿ, ಅದರ ನೆತ್ತಿಯನ್ನು ಪರೀಕ್ಷಿಸುತ್ತಾರೆ.

“ಹಫ್ಸಾ, ಬೀಗ ಬಿದ್ದಿದೆಯಾ ನೋಡು.”

ಸೊಸೆ ಹಫ್ಸ ಆಕಳಿಸುತ್ತಾ ಬಂದು ಇಣುಕುತ್ತಾರೆ. “ಬಿದ್ದಿದೆ ಉಮ್ಮ. ಕೀಲಿಕೈ ಕಾಣ್ತಾ ಉಂಟು.”

“ನಿನ್ನೆ ಮಧ್ಯದಲ್ಲಿ ಬಿಚ್ಚಿಕೊಂಡಿತ್ತು.”

“ಇವತ್ತು ಬಿಚ್ಚುವುದಿಲ್ಲ.”

“ಬಿಸ್ಮಿಲ್ಲಾ,” ಎನ್ನುತ್ತಾರೆ ಐಸಮ್ಮ. ಕಡ್ಡಿ ಗೀರುತ್ತಾರೆ. ಪಾಣೆಮಂಗಳೂರಿನ ಬೆಳಗು ಆಮೇಲೆ ಶುರು.

ಬೀಗವೆಂದರೆ ವಿಪಿಎನ್. ನಮ್ಮೆಲ್ಲರ ಫೋನಿನ ಹುಡುಕಾಟ, ನಕ್ಷೆ, ಮೇಲ್, ಫೋಟೋ ಎಲ್ಲವನ್ನೂ ನೋಡಿಕೊಳ್ಳುವ ಬಹುದೊಡ್ಡ ಕಂಪನಿಯೊಂದು, ಫೋಟೋ ಇಡುವ ಜಾಗಕ್ಕೆ ಹಣ ಕಟ್ಟಿದವರಿಗೆ ಉಚಿತವಾಗಿ ಕೊಡುವ ಸೌಲಭ್ಯ. ಅದನ್ನು ಚಾಲೂ ಮಾಡಿದರೆ ಫೋನಿನ ನೆತ್ತಿಯಲ್ಲಿ ಸಣ್ಣ ಕೀಲಿಕೈ ಮೂಡುತ್ತದೆ. ‘ನಿಮ್ಮ ಖಾಸಗಿತನ ಸುರಕ್ಷಿತ, ನೀವು ಮಾಡುವುದು ಯಾರಿಗೂ ಕಾಣುವುದಿಲ್ಲ’ ಎಂಬ ಭರವಸೆ ಕನ್ನಡದಲ್ಲೇ ಬರುತ್ತದೆ. ಐಸಮ್ಮನಿಗೆ ಆ ‘ಯಾರಿಗೂ’ ಎಂಬ ಮಾತು ಬಹಳ ಹಿಡಿಸಿದೆ. ಅವರ ಲೆಕ್ಕದಲ್ಲಿ ಯಾರಿಗೂ ಅಂದರೆ ಒಬ್ಬನೇ. ಗಲ್ಫಿನಲ್ಲಿರುವ ಮಗ ನೌಫಲ್.

ಈ ಬರಹಕ್ಕೆ ಅವರು ಒಪ್ಪಿದ್ದೂ ಹಾಗೆಯೇ, ಕಟ್ಟುನಿಟ್ಟಿನ ಷರತ್ತುಗಳ ಮೇಲೆ. “ಹೆಸರು ಹಾಕಬಾರದು. ಫೋಟೋ ಹಾಕಬಾರದು. ಊರು ಹಾಕಬಾರದು.”

“ಹಾಗಾದರೆ ಬರೆಯುವುದು ಎಂತದು?” ಎಂದು ಕೇಳಿದೆ.

“ರೊಟ್ಟಿಯ ಬಗ್ಗೆ ಬರೀರಿ. ರೊಟ್ಟಿಗೆ ಯಾರ ಹೆದರಿಕೆಯೂ ಇಲ್ಲ.”

ಹಾಗಿದ್ದೂ ಹೆಸರು, ಊರು ಎರಡೂ ಇಲ್ಲಿ ಬಂದಿವೆ. ಹೇಗೆ ಬಂದವು ಎಂಬುದನ್ನು ಹೇಳಬೇಕಾದರೆ ಮೊದಲು ರೊಟ್ಟಿಗೇ ಹೋಗಬೇಕು.

ಬಾಣಲೆಯ ಹಿಟ್ಟು ಸದ್ದು ಮಾಡುತ್ತಾ ಗಟ್ಟಿಯಾಗುತ್ತದೆ. ಕೈ ಸುಡುವಷ್ಟು ಬಿಸಿಯಿರುವಾಗಲೇ ನಾದಬೇಕು, ಆರಿದರೆ ರೊಟ್ಟಿಯ ಅಂಚು ಒಡೆಯುತ್ತದೆ. ಐಸಮ್ಮ ತಣ್ಣೀರಿಗೆ ಕೈ ಅದ್ದಿ ಅದ್ದಿ ನಾದುತ್ತಾರೆ, ಉಂಡೆ ಕಟ್ಟುತ್ತಾರೆ, ಎರಡು ಹಲಗೆಗಳ ಮರದ ಒತ್ತುಮಣೆಯೊಳಗೆ ಇಟ್ಟು ಒಮ್ಮೆ ಮೈಭಾರ ಬಿಡುತ್ತಾರೆ. ಹೊರಬರುವ ರೊಟ್ಟಿ ಹುಣ್ಣಿಮೆಯಷ್ಟು ದುಂಡಗೆ, ಹಿಂದೆ ಬೆರಳಿಟ್ಟರೆ ಬೆರಳು ಕಾಣುವಷ್ಟು ತೆಳ್ಳಗೆ. ಕಾವಲಿಯ ಮೇಲೆ ಹಫ್ಸ ತಿರುವಿ ಹಾಕುತ್ತಾರೆ. ಅತ್ತೆ ಸೊಸೆಯರ ನಡುವೆ ಈ ಹೊತ್ತಿನಲ್ಲಿ ಮಾತಿಲ್ಲ. ಇದ್ದರೆ ಒಂದೇ ಶಬ್ದ: “ಉಬ್ಬಿತು.”

ದಿನಕ್ಕೆ ಎಷ್ಟು ಎಂದು ಕೇಳಿದರೆ ಐಸಮ್ಮ ಬೆಚ್ಚಿ ಬೀಳುತ್ತಾರೆ. “ಎಣಿಸಬಾರದು! ಎಣಿಸಿದರೆ ಬರಕತ್ತು ಹೋಗ್ತದೆ. ನನ್ನ ಉಮ್ಮ ಕೋಳಿಮರಿ ಕೂಡ ಎಣಿಸ್ತಿರಲಿಲ್ಲ.” ಅನ್ನದ ಏಳಿಗೆ ಎಣಿಕೆಯಿಂದ ಕುಗ್ಗುತ್ತದೆ ಎಂಬ ನಂಬಿಕೆ ಈ ಮನೆಯಲ್ಲಿ ಒಲೆಯಷ್ಟೇ ಹಳೆಯದು. ಆದರೆ ರೊಟ್ಟಿ ಕೊಳ್ಳುವ ಹೊಟೇಲಿನವರು ಎಣಿಸದೆ ಬದುಕುವುದು ಹೇಗೆ? ಅದಕ್ಕೂ ಒಂದು ದಾರಿಯಾಗಿದೆ. ರೊಟ್ಟಿಗಳನ್ನು ಚಾಪೆಯ ಮೇಲೆ ಅಂಚಿಗೆ ಅಂಚು ಕಾಣುವಂತೆ ಹರಡಿ ಐಸಮ್ಮ ಫೋಟೋ ತೆಗೆದು ಕಳಿಸುತ್ತಾರೆ. ಅಲ್ಲಿ ಕ್ಯಾಷಿಯರ್ ಅದನ್ನು ದೊಡ್ಡದು ಮಾಡಿ ಎಣಿಸಿಕೊಳ್ಳುತ್ತಾರೆ. “ಎಣಿಸಿದ್ದು ಅವರು. ನಾನಲ್ಲ,” ಎನ್ನುತ್ತಾರೆ ಐಸಮ್ಮ, ಅಂಗೈ ಎರಡನ್ನೂ ಮೇಲೆತ್ತಿ ತೋರಿಸಿ.

ಹೊಟೇಲಿನ ಹೆಸರನ್ನು ಮಾತ್ರ ಕೊನೆಯವರೆಗೂ ಬರೆಯುವಂತಿಲ್ಲ. ಅಲ್ಲಿ ಗಿರಾಕಿಗಳಿಗೆ ‘ನಮ್ಮದೇ ಅಡುಗೆಮನೆಯ ರೊಟ್ಟಿ’ ಎಂದು ಹೇಳುವ ಪದ್ಧತಿ ಉಂಟು. ಪಾಣೆಮಂಗಳೂರಿನವರಿಗೆ ಸತ್ಯ ಗೊತ್ತು. ಉಳಿದವರಿಗೆ ರೊಟ್ಟಿ ಸಿಕ್ಕಿದರೆ ಸಾಕು.

ನಿಜ ಹೇಳಬೇಕೆಂದರೆ ಪಾಣೆಮಂಗಳೂರಿನವರಿಗೆ ಎಲ್ಲವೂ ಗೊತ್ತು. ಬುಟ್ಟಿ ಒಯ್ಯುವ ರಿಕ್ಷಾದ ಉಮ್ಮರ್‌ಗೆ ಗೊತ್ತು. ಅವರ ರಿಕ್ಷಾ ಹತ್ತಿದವರಿಗೆ ವಾಸನೆಯಿಂದಲೇ ಗೊತ್ತು. ನರಿಕೊಂಬಿನಿಂದ ತೆಂಗಿನಕಾಯಿ ತರುವವರಿಗೆ, ಬಂಟ್ವಾಳ ಪೇಟೆಯ ಅಕ್ಕಿ ಅಂಗಡಿಯವರಿಗೆ, ಪುಂಜಾಲಕಟ್ಟೆಯಲ್ಲಿ ಮದುವೆಗೆ ರೊಟ್ಟಿ ಬೇಕೆಂದು ಬಂದವರಿಗೆ, ಎಲ್ಲರಿಗೂ ಗೊತ್ತು. ತಾಲೂಕಿಗೆಲ್ಲ ಗೊತ್ತಿರುವ ಈ ಗುಟ್ಟು ಸಮುದ್ರದಾಚೆಯ ಒಬ್ಬನಿಗೆ ಗೊತ್ತಾಗಬಾರದು. ಅಷ್ಟಕ್ಕೇ ಬೀಗ.

ಯಾಕೆ ಗೊತ್ತಾಗಬಾರದು? ಐಸಮ್ಮ ಬೀಡಿ ಕಟ್ಟಿ ಮಗನನ್ನು ಓದಿಸಿದವರು. ಗಂಡ ತೀರಿಕೊಂಡಾಗ ನೌಫಲ್‌ ಇನ್ನೂ ಶಾಲೆಗೆ ಹೋಗುತ್ತಿದ್ದ. ತಾಯಿಯ ಮಡಿಲಿನ ಬೀಡಿ ಮೊರವನ್ನು ನೋಡುತ್ತಾ ಬೆಳೆದ ಹುಡುಗ ಗಲ್ಫಿಗೆ ಹೊರಟ ದಿನ ಮೊದಲು ಮಾಡಿದ ಕೆಲಸ ಆ ಮೊರವನ್ನು ಅಟ್ಟಕ್ಕೆ ಎಸೆದದ್ದು. “ಇನ್ನು ನೀವು ಕೂತು ತಿನ್ನಬೇಕು ಉಮ್ಮ. ಮಗ ಗಲ್ಫಿನಲ್ಲಿದ್ದೂ ತಾಯಿ ದುಡೀತಾಳೆ ಅಂತ ಯಾರೂ ಹೇಳಬಾರದು.”

“ಕೂತೆ,” ಎನ್ನುತ್ತಾರೆ ಐಸಮ್ಮ. “ಕೂತು ಎಷ್ಟು ತಿನ್ನುವುದು ಹೇಳಿ? ತಿಂದೂ ತಿಂದೂ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೀರಿ ಅಂದರು. ಎಲ್ಲಿಗೆ ನಡೆಯುವುದು? ಸೇತುವೆಯವರೆಗೆ ಹೋಗಿ ತಿರುಗಿ ಬಂದರೆ, ಐಸಮ್ಮ ಯಾರನ್ನು ಕಾಯ್ತಿದ್ದಾರೆ ಅಂತ ಜನ ಕೇಳ್ತಾರೆ.” ಒಂದು ಮದುವೆಮನೆಯಲ್ಲಿ ಅವರು ಒತ್ತಿದ ರೊಟ್ಟಿ ತಿಂದ ಹೊಟೇಲಿನವರು ಮನೆ ಹುಡುಕಿಕೊಂಡು ಬಂದರು. ಅವತ್ತಿನಿಂದ ಒಲೆ ಆರಿಲ್ಲ. ಮಗನಿಗೆ ಹೇಳಿಯೂ ಇಲ್ಲ. “ಹೇಳಿದರೆ ನಿಲ್ಲಿಸು ಅಂತಾನೆ. ಅವನು ನಿಲ್ಲಿಸು ಅಂದರೆ ನಾನು ನಿಲ್ಲಿಸಬೇಕು, ಮಗನಲ್ವಾ? ಅದಕ್ಕೆ ಅವನು ಹೇಳದ ಹಾಗೆ ನೋಡಿಕೊಳ್ಳುವುದು.”

ಸೂರ್ಯ ಏರುವ ಹೊತ್ತಿಗೆ ರೊಟ್ಟಿಗಳು ಚಾಪೆಗೆ ಬರುತ್ತವೆ. ಫೋಟೋ ಹೋಗುತ್ತದೆ. ಬಾಳೆಲೆ ಹಾಸಿದ ಬುಟ್ಟಿಗಳನ್ನು ಉಮ್ಮರ್ ರಿಕ್ಷಾಕ್ಕೆ ಏರಿಸುತ್ತಾರೆ. ಆಮೇಲೆ ಐಸಮ್ಮ ಫೋನನ್ನು ಚಾರ್ಜಿಗೆ ಹಾಕಿದರೆ ಅದು ಚಾರ್ಜ್ ತೆಗೆದುಕೊಳ್ಳುವುದಿಲ್ಲ. ತಟ್ಟುತ್ತಾರೆ, ಊದುತ್ತಾರೆ, ಸೆರಗಿನಲ್ಲಿ ಒರೆಸುತ್ತಾರೆ. ಇಲ್ಲ. ನಾಳೆ ಫೋಟೋ ಇಲ್ಲದಿದ್ದರೆ ಎಣಿಸಬೇಕಾಗುತ್ತದೆ. ಅತ್ತೆ ಸೊಸೆ ಇಬ್ಬರೂ ಬುರ್ಖಾ ಹಾಕಿಕೊಂಡು ಪೇಟೆಗೆ ಹೊರಡುತ್ತಾರೆ. ನಾನೂ ಹಿಂದೆಯೇ ಹೊರಡುತ್ತೇನೆ. ಮಕ್ಕಳ ಫೋನಿಗೆ ಬೀಗ ಹಾಕಿ ಹಾಕಿ ಸೋತಿರುವ ನನಗೆ ಈ ಬೀಗದ ಸಾಮರ್ಥ್ಯದ ಬಗ್ಗೆ ಸ್ವಂತದ ಕುತೂಹಲವೂ ಇತ್ತು.

ಪೇಟೆಯಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟಿರುವವರು ಶಶಿಪ್ರಭಾ. ಮೂಡುಬಿದಿರೆಯಲ್ಲಿ ಕಲಿತು, ಬಾಗಿಲಷ್ಟೇ ಅಗಲದ ಅಂಗಡಿಯಲ್ಲಿ ದೀಪದ ಕೆಳಗೆ ಕೂತು ಊರಿನ ಫೋನುಗಳ ಹೊಟ್ಟೆ ಬಗೆಯುತ್ತಾರೆ. ಅವರು ಸೂಜಿಯಂಥದ್ದೊಂದನ್ನು ಚಾರ್ಜರ್ ಚುಚ್ಚುವ ತೂತಿಗೆ ಹಾಕಿ ಎಳೆಯುತ್ತಾರೆ. ಬಿಳಿ ಪುಡಿ ಬರುತ್ತದೆ. ಇನ್ನೂ ಎಳೆಯುತ್ತಾರೆ. ಇನ್ನೂ ಬರುತ್ತದೆ.

“ಐಸಮ್ಮಕ್ಕಾ, ಇದರಲ್ಲಿ ಇನ್ನೊಂದು ರೊಟ್ಟಿ ಆಗ್ತದೆ.”

“ಮೆಲ್ಲ ಮಾತಾಡು ಮಾರಾಯ್ತಿ. ಫೋಟೋ ಎಲ್ಲ ಹೋಗಿಬಿಟ್ಟಿತಾ?”

ಚಾರ್ಜ್ ಏರತೊಡಗಿದ ಫೋನನ್ನು ಶಶಿಪ್ರಭಾ ಅಲ್ಲಿ ಇಲ್ಲಿ ಒತ್ತಿ ನೋಡುತ್ತಾರೆ. “ಹೋಗುವುದು ಎಲ್ಲಿಗೆ? ಎಲ್ಲ ಜೋಪಾನ ಉಂಟು. ಮೊದಲ ದಿನದಿಂದ ಇವತ್ತು ಬೆಳಗ್ಗಿನವರೆಗೆ ಒಂದೂ ಬಿಡದೆ ನೌಫಲನ ಅಕೌಂಟಿಗೆ ಹೋಗಿದೆ.”

ಐಸಮ್ಮ ಬಗ್ಗಿ ಫೋನಿನ ನೆತ್ತಿಯಲ್ಲಿ ಕೀಲಿಕೈಯನ್ನು ಹುಡುಕುತ್ತಾರೆ.

ಗಲ್ಫಿನ ಮನೆಗಳಲ್ಲಿ ನಡೆಯುವ ಸಂಗತಿಯೇ ಇಲ್ಲೂ ನಡೆದಿದೆ. ನೌಫಲ್ ಅಲ್ಲಿ ಫೋನು ಕೊಂಡು, ತಾಯಿಗೆ ಕಷ್ಟವಾಗದಿರಲಿ ಎಂದು ತನ್ನದೇ ಅಕೌಂಟ್ ಹಾಕಿ, ಎಲ್ಲ ಸರಿಮಾಡಿ, ಊರಿಗೆ ಬರುವವರ ಕೈಯಲ್ಲಿ ಖರ್ಜೂರದ ಜೊತೆ ಕಳಿಸಿದ್ದಾನೆ. ಐಸಮ್ಮನಿಗೆ ಗೊತ್ತಿರುವುದು ಕ್ಯಾಮೆರಾ ಮತ್ತು ಹಸಿರು ಬಣ್ಣದ ವಾಟ್ಸ್ಆ್ಯಪ್. ತೆಗೆದ ಪ್ರತಿ ಫೋಟೋ ತಾನಾಗಿಯೇ ಮಗನ ಆಲ್ಬಮ್ಮಿಗೆ ಏರುತ್ತಿತ್ತೆಂಬುದು ಅವರಿಗೆ ಗೊತ್ತಿರಲಿಲ್ಲ.

“ಬೀಗ ಹಾಕಿದ್ದೆನಲ್ಲ!” ಐಸಮ್ಮನ ದನಿ ಸಣ್ಣದಾಗಿದೆ. “ದಿನಾ ಹಾಕಿದ್ದೇನೆ. ಬೀಗ ಹಾಕದೆ ಒಲೆ ಹಚ್ಚಿದವಳಲ್ಲ ನಾನು.”

“ವಿಪಿಎನ್ನಾ? ಅದು ಅವನದ್ದೇ ಪ್ಲಾನಿನಲ್ಲಿ ಬಂದದ್ದು. ಹಣ ಕಟ್ಟುವವನು ನೌಫಲ್.”

“ಅಂದರೆ ಅವನ ಬೀಗವನ್ನೇ ಹಾಕಿ ಅವನಿಂದಲೇ ಅಡಗಿಕೊಂಡೆನಾ?”

“ಹೌದಕ್ಕ.”

ಐಸಮ್ಮ ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. ಶಶಿಪ್ರಭಾ ಅಂಗಡಿಯ ಮುಂದೆ ನಿಂತಿದ್ದ ಬೆಳ್ತಂಗಡಿ ಬಸ್ಸನ್ನು ತೋರಿಸುತ್ತಾರೆ. “ಮಳೆ ಬಂದಾಗ ಬಸ್ಸಿನ ಕಿಟಕಿಗೆ ಟರ್ಪಾಲು ಇಳಿಸ್ತಾರಲ್ಲ? ವಿಪಿಎನ್ ಅಂದರೆ ಅಷ್ಟೇ. ರಸ್ತೆಬದಿ ನಿಂತವರಿಗೆ ಒಳಗೆ ಕೂತವರು ಕಾಣುವುದಿಲ್ಲ. ಪೇಟೆಯ ಪುಕ್ಕಟೆ ವೈಫೈಯವನಿಗೆ ಕಾಣುವುದಿಲ್ಲ, ಸಿಮ್ ಕೊಟ್ಟವನಿಗೂ ಸರಿಯಾಗಿ ಕಾಣುವುದಿಲ್ಲ. ಆದರೆ ಕಂಡಕ್ಟರನಿಗೆ ಕಾಣದೆ ಇರ್ತದಾ? ನೀವು ಹತ್ತಿದ್ದು, ಇಳಿದದ್ದು ಎಲ್ಲ ಅವನ ಕಣ್ಣೆದುರೇ.”

“ಕಂಡಕ್ಟರ್ ಒಳ್ಳೆಯವನಾದರೆ?” ನಾನು ಕೇಳುತ್ತೇನೆ. ದೊಡ್ಡ ಕಂಪನಿ, ಹೆಸರು ಕೆಡಿಸಿಕೊಳ್ಳಲಿಕ್ಕಿಲ್ಲ ಎಂಬ ಆಸೆ ನನ್ನದು.

“ನೋಡುವುದಿಲ್ಲ, ಬರೆದಿಡುವುದಿಲ್ಲ ಅಂತ ಅವರು ಹೇಳ್ತಾರೆ. ಇದ್ದರೂ ಇರಬಹುದು. ನಾನು ಒಳಗೆ ಹೋಗಿ ನೋಡಿಲ್ಲ. ಆದರೆ ಒಂದು ಯೋಚನೆ ಮಾಡಿ. ಬಸ್ಸೂ ಅವರದ್ದು, ನೀವು ಇಳಿದು ಹೋಗುವ ಅಂಗಡಿಯೂ ಹೆಚ್ಚಾಗಿ ಅವರದ್ದೇ. ನಕ್ಷೆ ಅವರದ್ದು, ಮೇಲ್ ಅವರದ್ದು. ಟರ್ಪಾಲು ಇಳಿಸಿದ್ದು ಯಾರಿಗೆ ಕಾಣಬಾರದು ಅಂತ?” ಮತ್ತೆ ಅವರೇ ಹೇಳುತ್ತಾರೆ, “ಬ್ಯಾಂಕಿನ ಕೆಲಸ ಹೊರಗಿನ ವೈಫೈಯಲ್ಲಿ ಮಾಡುವುದಿದ್ದರೆ ಹಾಕಿಕೊಳ್ಳಿ, ನಾನೂ ಹಾಕ್ತೇನೆ. ಕಂಪನಿಯಿಂದಲೇ ಅಡಗಬೇಕಾದರೆ ಕಂಪನಿಯ ಕೊಡೆ ಹಿಡಿದು ಉಪಯೋಗ ಇಲ್ಲ. ಮಗನಿಂದ ಅಡಗಬೇಕಾದರೆ ಮಗನ ಫೋನು ಹಿಡಿದು ಮೊದಲೇ ಉಪಯೋಗ ಇಲ್ಲ.”

ಐಸಮ್ಮನ ಕಿವಿಗೆ ಇದು ಯಾವುದೂ ಹೋಗುತ್ತಿಲ್ಲ. ಅವರು ತಮ್ಮ ಅಂಗೈಯನ್ನು ನೋಡುತ್ತಾ ಕೂತಿದ್ದಾರೆ. ಬೀಡಿಯ ನೂಲು ಮಾಡಿದ ಹಳೆಯ ಗೀರುಗಳ ಮೇಲೆ ಹಿಟ್ಟಿನ ಬಿಸಿಯ ಹೊಸ ಕೆಂಪು. “ಇವತ್ತಿಗೆ ಒಲೆ ಆರಿತು,” ಎನ್ನುತ್ತಾರೆ. “ಮೊರ ಅಟ್ಟಕ್ಕೆ ಹೋದ ಹಾಗೆ ಒತ್ತುಮಣೆಯೂ ಅಟ್ಟಕ್ಕೆ ಹೋಗ್ತದೆ. ಅಟ್ಟದಲ್ಲಿ ಜಾಗ ಉಂಟಾ ಹಫ್ಸಾ?”

ಹಫ್ಸ ಬೀದಿಯ ಕಡೆ ನೋಡುತ್ತಾರೆ.

ಆಗ ಶಶಿಪ್ರಭಾ ಇನ್ನೂ ಫೋಟೋಗಳನ್ನು ಸರಿಸುತ್ತಿದ್ದಾರೆ. ರೊಟ್ಟಿ, ರೊಟ್ಟಿ, ಚಾಪೆ, ರೊಟ್ಟಿ. ಅವರ ಬೆರಳು ನಿಲ್ಲುತ್ತದೆ. “ಐಸಮ್ಮಕ್ಕ, ಇದು ನಿಮ್ಮ ಅಡುಗೆಮನೆ ಅಲ್ವಲ್ಲ?”

ಸ್ಟೀಲಿನ ಉದ್ದನೆಯ ಮೇಜು. ಅದರ ಮೇಲೆ ಎಣ್ಣೆ ಹಚ್ಚಿದ ಮೈದಾ ಉಂಡೆಗಳ ಸಾಲು. ಮುಂದಿನ ಫೋಟೋದಲ್ಲಿ ಮೊಣಕೈವರೆಗೆ ಹಿಟ್ಟು ಮೆತ್ತಿದ ಒಬ್ಬ ಯುವಕ, ತಲೆಗೆ ಬಲೆಯ ಟೋಪಿ, ಗಾಳಿಯಲ್ಲಿ ಬೀಸಿದ ಪರೋಟದ ಹಿಂದೆ ಅರ್ಧ ಮುಖ.

ಐಸಮ್ಮ ಫೋನನ್ನು ಕಣ್ಣಿನ ಹತ್ತಿರ ತರುತ್ತಾರೆ. “ಇದು ನೌಫಲನ ಕಿವಿ.”

ಅಕೌಂಟ್ ಒಂದೇ ಆದರೆ ಆಲ್ಬಮ್ಮೂ ಒಂದೇ. ತಾಯಿಯದ್ದು ಮಗನಿಗೆ ಹೋದಂತೆ ಮಗನದ್ದೂ ತಾಯಿಯ ಫೋನಿಗೆ ಬರುತ್ತಿತ್ತು. ತೆರೆದು ನೋಡುವವರು ಇರಲಿಲ್ಲ ಅಷ್ಟೇ. ಗಲ್ಫಿನಲ್ಲಿ ಕಂಪನಿಯೊಂದರ ಸ್ಟೋರ್ ಇನ್‌ಚಾರ್ಜ್ ಎಂದು ಓಣಿಗೆಲ್ಲ ಗೊತ್ತಿರುವ, ಸಂಜೆ ಇಸ್ತ್ರಿ ಅಂಗಿ ಹಾಕಿಕೊಂಡೇ ವಿಡಿಯೋ ಕಾಲ್ ಮಾಡುವ ನೌಫಲ್ ಬೆಳಗಾದರೆ ಪರೋಟ ಬೀಸುತ್ತಾನೆ.

ಐಸಮ್ಮ ಎದ್ದು ನಿಲ್ಲುತ್ತಾರೆ. “ಕಾಲ್ ಹಚ್ಚು. ವಿಡಿಯೋ.”

ಒಮ್ಮೆ ಕಟ್ಟಾಗುತ್ತದೆ. ಎರಡನೆಯ ಸಲ ಬರಿಯ ದನಿ ಬರುತ್ತದೆ. “ಎಂತ ಉಮ್ಮ ಈ ಹೊತ್ತಿಗೆ? ಹುಷಾರಿದ್ದೀರಾ?”

“ಮುಖ ತೋರಿಸು.”

“ಆಫೀಸಿನಲ್ಲಿ ನೆಟ್‌ವರ್ಕ್ ಇಲ್ಲ ಉಮ್ಮ, ವಿಡಿಯೋ ಬರುವುದಿಲ್ಲ.”

ಹಿಂದಿನಿಂದ ಯಾರದೋ ದೊಡ್ಡ ಗಂಟಲು: “ಎರಡು ಪರೋಟ, ಒಂದು ಆಮ್ಲೆಟ್!”

“ಆಫೀಸಿನಲ್ಲಿ ಪರೋಟ ಕೇಳುವುದು ಯಾರು ಮಗಾ?”

ನೌಫಲ್ ಮೊದಲ ಏಟು ತಾನೇ ಕೊಡುವ ನಿರ್ಧಾರ ಮಾಡಿದಂತಿದೆ. “ಉಮ್ಮ, ನೀವು ರೊಟ್ಟಿ ಮಾಡಿ ಹೊಟೇಲಿಗೆ ಕೊಡ್ತಾ ಇದ್ದೀರಿ. ನನಗೆ ಗೊತ್ತುಂಟು. ಅದನ್ನು ನಿಲ್ಲಿಸಿ.”

“ನಿಲ್ಲಿಸ್ತೇನೆ. ನಿನ್ನ ಸ್ಟೋರಿನಲ್ಲಿ ಮೈದಾ ಎಷ್ಟು ಚೀಲ ಉಂಟು?”

ಶಶಿಪ್ರಭಾ ಬಾಯಿಗೆ ಕೈ ಅಡ್ಡ ಹಿಡಿದು ಬೀದಿಗೆ ಹೋಗಿ ನಗುತ್ತಾರೆ.

“ನಿನಗೆ ಗೊತ್ತಿತ್ತಲ್ಲ, ಯಾಕೆ ಇಷ್ಟು ದಿನ ಹೇಳಲಿಲ್ಲ?”

“ಹೇಳಿದರೆ ಹೇಗೆ ಗೊತ್ತಾಯಿತು ಅಂತ ಕೇಳ್ತಿದ್ದಿರಿ. ಫೋಟೋ ಅಂದರೆ ನೀವು ಆಲ್ಬಮ್ ತೆರೀತಿದ್ದಿರಿ. ತೆರೆದರೆ ನಾನು ಸಿಕ್ಕಿಬೀಳ್ತಿದ್ದೆ.” ಅವನ ದನಿ ಮೆತ್ತಗಾಗುತ್ತದೆ. “ದಿನಾ ನೋಡ್ತೇನೆ ಉಮ್ಮ. ಹೋದ ಸೋಮವಾರ ರೊಟ್ಟಿ ಸ್ವಲ್ಪ ದಪ್ಪ ಇತ್ತು. ಕೈ ನೋವಿತ್ತಾ ಅಂತ ಕೇಳಬೇಕು ಅಂತ ಇತ್ತು. ಕೇಳುವ ಹಾಗಿರಲಿಲ್ಲ.”

ಐಸಮ್ಮನ ಕಣ್ಣು ತುಂಬಿದ್ದು ಆಗ. ತಲೆಯ ಬಟ್ಟೆಯ ತುದಿ ತೆಗೆದುಕೊಂಡರೆ ಅದರಲ್ಲೂ ಹಿಟ್ಟು. “ಸೋಮವಾರ ಅಕ್ಕಿ ಹೊಸತು ಮಗಾ. ನೀರು ಎಳೆಯಲಿಲ್ಲ,” ಎನ್ನುತ್ತಾರೆ. ತಕ್ಷಣ ದನಿ ಗಟ್ಟಿ ಮಾಡುತ್ತಾರೆ. “ನಿನ್ನ ಪರೋಟ ನೋಡಿದೆ. ಅದು ಪರೋಟವಾ, ಕರಾವಳಿಯ ನಕ್ಷೆಯಾ?”

ಕಾಲ್ ಮುಗಿದ ಮೇಲೆ ಅವರು ಸೊಸೆಯ ಕಡೆ ತಿರುಗುತ್ತಾರೆ. ಅದುವರೆಗೆ ಯಾರೂ ಕೇಳದ ಪ್ರಶ್ನೆ. “ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು ಉಮ್ಮ.”

“ಯಾವುದು?”

“ಎಲ್ಲ. ಅವರು ಪರೋಟ ಮಾಡುವುದು ಮದುವೆಯಾದ ವಾರವೇ ಹೇಳಿದ್ದಾರೆ. ನಿಮಗೆ ಹೇಳಬೇಡ ಅಂದರು. ನೀವು ರೊಟ್ಟಿಯ ವಿಷಯ ಅವರಿಗೆ ಹೇಳಬೇಡ ಅಂದಿರಿ. ಫೋಟೋ ನೋಡಿ ಅವರಿಗೇ ಗೊತ್ತಾಯಿತು. ಗೊತ್ತಾದದ್ದು ನಿಮಗೆ ಹೇಳಬೇಡ ಅಂದರು. ನಾನು ಯಾರಿಗೂ ಹೇಳಲಿಲ್ಲ.”

“ಮತ್ತೆ ಬೀಗ ಹಾಕಿದರೆ ಯಾರಿಗೂ ಕಾಣುವುದಿಲ್ಲ ಅಂತ ಹೇಳಿದ್ದು?”

“ಹಾಗೆ ಅದರಲ್ಲಿ ಬರೆದುಂಟು ಅಂದೆ. ನಾನಾಗಿ ಹೇಳಲಿಲ್ಲ.”

ಐಸಮ್ಮ ಸೊಸೆಯನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. ಬೈಯಬೇಕೋ ಬೇಡವೋ ಎಂದು ಅಳೆಯುತ್ತಿರುವ ನೋಟ. ಶಶಿಪ್ರಭಾ ಒಳಗೆ ಬಂದು ಫೋನನ್ನು ಕೈಗಿಡುತ್ತಾರೆ. “ಕಂಡಕ್ಟರ್ ಇದ್ದರೆ ಹೀಗಿರಬೇಕು, ಐಸಮ್ಮಕ್ಕ. ನೀವು ಈ ಸೊಸೆಯನ್ನು ಬಿಟ್ಟು ಆ ಕಂಪನಿಯನ್ನು ನಂಬಿದಿರಲ್ಲ!” ರಿಪೇರಿಗೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ನಾಳೆ ಎರಡು ರೊಟ್ಟಿ ಸಾಕಂತೆ.

ಒಂದು ವಾರದ ನಂತರ ಮತ್ತೆ ಹೋಗುತ್ತೇನೆ. ತಾಯಿ ಮಗನ ನಡುವೆ ಒಪ್ಪಂದವಾಗಿದೆ. ಒಲೆ ಉರಿಯಬಹುದು, ಶುಕ್ರವಾರ ರಜೆ. “ಶುಕ್ರವಾರ ಕೈ ತುರಿಸ್ತದೆ,” ಎಂಬುದು ಐಸಮ್ಮನ ದೂರು. ಸಂಜೆಯ ಕಾಲ್‌ನಲ್ಲಿ ನೌಫಲ್ ಈಗ ಹಿಟ್ಟು ಮೆತ್ತಿದ ಬನಿಯನ್‌ನಲ್ಲೇ ಬರುತ್ತಾನೆ. ಬೆಳಗ್ಗೆ ಪರೋಟದ ಫೋಟೋ ತೆಗೆಯುವುದು ಕಡ್ಡಾಯ. ಹಫ್ಸ ಅದನ್ನು ತೆರೆದು ತೋರಿಸುತ್ತಾರೆ, ಐಸಮ್ಮ ಉಂಡೆ ಕಟ್ಟುತ್ತಲೇ ತೀರ್ಪು ಕೊಡುತ್ತಾರೆ. ಇವತ್ತಿನ ತೀರ್ಪು: “ಅಂಚು ಸರಿಯಾಗ್ತಾ ಉಂಟು. ನಡು ಇನ್ನೂ ದಪ್ಪ.”

ಆದರೂ ಕಡ್ಡಿ ಗೀರುವ ಮೊದಲು ಅವರು ಫೋನಿನ ನೆತ್ತಿಯನ್ನು ನೋಡಿಯೇ ನೋಡುತ್ತಾರೆ. ಕೀಲಿಕೈ ಇದೆ.

“ಇನ್ನು ಬೀಗ ಯಾರಿಗೆ ಐಸಮ್ಮ?”

“ಅಭ್ಯಾಸ. ಮತ್ತೆ ಆ ಕಂಪನಿಯವರಿಗೂ ಬೆಳಗ್ಗೆ ಏನಾದರೂ ಕೆಲಸ ಬೇಡ್ವಾ?”

ಹೆಸರಿನ ಮಾತು ತೆಗೆಯುತ್ತೇನೆ. ಅವರು ಒತ್ತುಮಣೆಯ ಮೇಲೆ ಮೈಭಾರ ಬಿಟ್ಟು, ರೊಟ್ಟಿಯನ್ನು ಬೆಳಕಿಗೆ ಹಿಡಿದು, ಹಿಂದಿನಿಂದ ಬೆರಳಾಡಿಸಿ ನೋಡುತ್ತಾರೆ. ಬೆರಳು ಕಾಣುತ್ತದೆ. ಹಫ್ಸಳ ಕೈಗೆ ದಾಟಿಸುತ್ತಾರೆ.

“ಹಾಕಿ. ನನ್ನ ಹೆಸರು ಹಾಕಿ, ಊರು ಹಾಕಿ. ಹಫ್ಸಳ ಹೆಸರು ದೊಡ್ಡ ಅಕ್ಷರದಲ್ಲಿ ಹಾಕಿ. ನೌಫಲನನ್ನೂ ಕೇಳಿದ್ದೇನೆ, ಹಾಕಲಿ ಅಂದ. ನನ್ನ ಮಗ ಗಲ್ಫಿನಲ್ಲಿ ಪರೋಟ ಮಾಡ್ತಾನೆ ಅಂತಲೇ ಬರೀರಿ.” ಮುಂದಿನ ಉಂಡೆ ಕೈಗೆ ಬಂದಿದೆ. “ಆ ಕೈ ಅವನಿಗೆ ಎಲ್ಲಿಂದ ಬಂತು ಅಂತ ಬರೆಯುವುದು ಬೇಡ. ಓದಿದವರಿಗೆ ಗೊತ್ತಾಗ್ತದೆ.”